ಚಿಲಕವಿಲ್ಲದ ಬೀದಿ

ಬೀಗದ ಮೇಸ್ತ್ರಿಯ ಮಗನನ್ನು ಹಾಡಹಗಲಲ್ಲಿ ಹೊಡೆದು ಕೊಂದರು. ಕೊಂದವರು ಕಳ್ಳರಲ್ಲ, ಪುಂಡರಲ್ಲ. ಮನೆಮಠ, ಹೆಂಡತಿಮಕ್ಕಳು ಇದ್ದ ಮರ್ಯಾದಸ್ಥರು. ಒಬ್ಬ ಮುದುಕಿ ಬೀಗದ ಕೈ ಕಳೆದುಕೊಂಡು ತನ್ನ ಮನೆಯ ಮೆಟ್ಟಿಲ ಮೇಲೆ ಕೂತಿದ್ದಳು. ಆ ದಾರಿಯಲ್ಲಿ ಹೋಗುತ್ತಿದ್ದ ಮಗ ಅವಳು ಕರೆದಳೆಂದು ಬಂದು, ಚೀಲದಿಂದ ತಂತಿಕಡ್ಡಿಗಳನ್ನು ತೆಗೆದು ಬಾಗಿಲ ಮುಂದೆ ಮಂಡಿಯೂರಿ ಕೂತ. ಪಾಪ, ಬಿಸಿಲಲ್ಲಿ ಬಂದ ಹುಡುಗನಿಗೆ ಬಾಯಾರಿಕೆಗೆ ಏನಾದರೂ ತರೋಣವೆಂದು ಮುದುಕಿ ಮೂಲೆಯ ಅಂಗಡಿಗೆ ಹೋದಳು. ಅಷ್ಟರಲ್ಲಿ ಎದುರು ಮನೆಯ ಕಿಟಕಿಯಿಂದ ಯಾರೋ ‘ಕಳ್ಳ’ ಎಂದು ಕೂಗಿದರು.

ಆ ಬೀದಿಯಲ್ಲಿ ಪ್ರತಿ ಬಾಗಿಲಿಗೂ ಮೇಲೊಂದು ಕೆಳಗೊಂದು ಬೀಗ, ಕಿಟಕಿಗೆಲ್ಲ ಸರಳು. ಅಷ್ಟೂ ಬೀಗ ಒಟ್ಟಿಗೆ ತೆರೆದುಕೊಂಡವು. ದೊಣ್ಣೆ ತಂದವರುಂಟು, ಕುರ್ಚಿಯ ಕಾಲು ಮುರಿದು ತಂದವರುಂಟು. ಮೇಸ್ತ್ರಿ ಓಡಿ ಬಂದಾಗ ಮಗನ ಮುಖದಲ್ಲಿ ಗುರುತು ಹಿಡಿಯುವಂಥದ್ದು ಏನೂ ಉಳಿದಿರಲಿಲ್ಲ. ಚೀಲ ನೋಡಿ ಮಗನೆಂದು ತಿಳಿದ. ಮುದುಕಿ ಸೋಡಾ ಬಾಟಲಿ ಹಿಡಿದುಕೊಂಡು, “ನಾನೇ ಕರೆದದ್ದು, ನನ್ನ ಬಾಗಿಲೇ, ನಾನೇ ಕರೆದದ್ದು” ಎಂದು ಬಡಬಡಿಸುತ್ತಿದ್ದಳು. ಅದನ್ನು ಕೇಳಿದ ಮೇಲೆ ಸುತ್ತ ನಿಂತವರು ಒಬ್ಬೊಬ್ಬರಾಗಿ ತಮ್ಮ ಮನೆಗಳಿಗೆ ಹೋಗಿ ಚಿಲಕ ಹಾಕಿಕೊಂಡರು. ಒಂದರ ಹಿಂದೆ ಒಂದು ಬಿದ್ದ ಆ ಚಿಲಕಗಳ ಸದ್ದು ಮೇಸ್ತ್ರಿಯ ಕಿವಿ ಬಿಟ್ಟು ಹೋಗಲೇ ಇಲ್ಲ.

“ಅಷ್ಟು ಜನದಲ್ಲಿ ಒಬ್ಬ, ಒಬ್ಬನೇ ಒಬ್ಬ, ಸಾಕು ಬಿಡ್ರೋ ಅಂದಿದ್ರೆ ನನ್ನ ಮಗ ಉಳೀತಿದ್ದ,” ಎಂದು ಆಮೇಲೆ ಅವನು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದ. ಕೇಳಿದವರು ಲೊಚಗುಟ್ಟುತ್ತಿದ್ದರು.

ಮೇಸ್ತ್ರಿ ದೇವರಿಗೆ ಅಂಜಿ ಬಾಳಿದವನು. ಬೆಳಿಗ್ಗೆ ಅರ, ಸುತ್ತಿಗೆ, ತಿರುಪುಳಿಗಳನ್ನು ಮುಂದಿಟ್ಟುಕೊಂಡು ಕಣ್ಣು ಮುಚ್ಚಿ, “ತಂದೇ, ನನ್ನ ಕೈಯಿಂದ ತಪ್ಪು ಬಾಗಿಲು ತೆರೆಸಬೇಡ” ಎಂದು ಕೇಳಿಕೊಳ್ಳದೆ ಕೆಲಸಕ್ಕೆ ಇಳಿಯುತ್ತಿರಲಿಲ್ಲ. ಮಗ ಹೋದ ಮೇಲೂ ಅದನ್ನು ಬಿಡಲಿಲ್ಲ. ಆದರೆ ಅದರ ಜೊತೆಗೆ ಇನ್ನೊಂದು ಮಾತು ಸೇರಿತು: “ಸೊಸೆಯನ್ನೂ ಮೊಮ್ಮಗಳನ್ನೂ ಇಂಥ ಜನರ ನಡುವೆ ಇಡಬೇಡ.”

ಬಾಡಿಗೆ ಮನೆ ಬಿಟ್ಟು ಸ್ವಂತಕ್ಕೆ ಒಂದು ಮನೆ ಕೊಳ್ಳುವುದೆಂದು ನಿರ್ಧಾರವಾಯಿತು. ಮಗನ ಗೆಳೆಯರು ಕೂಡಿಸಿ ಕೊಟ್ಟದ್ದು, ಮೇಸ್ತ್ರಿ ಜೀವಮಾನವೆಲ್ಲ ಉಳಿಸಿದ್ದು, ಸೊಸೆ ಹೊಲಿಗೆಯಿಂದ ಕಟ್ಟಿಟ್ಟದ್ದು ಎಲ್ಲ ಸೇರಿದರೂ ಅದು ದೊಡ್ಡ ಗಂಟೇನೂ ಅಲ್ಲ. ದಲ್ಲಾಳಿ ದಿನಕ್ಕೊಂದು ಬೀದಿ ತೋರಿಸಿದ. ಜನ ಮನೆ ನೋಡಲು ಹೋದರೆ ನೀರು, ಗಾಳಿ, ಗೋಡೆಯ ಬಿರುಕು ನೋಡುತ್ತಾರೆ. ಮೇಸ್ತ್ರಿ ನೋಡುತ್ತಿದ್ದದ್ದು ಅಕ್ಕಪಕ್ಕದವರ ಬಾಗಿಲು. ಬೀದಿಯ ಈ ತುದಿಯಿಂದ ಆ ತುದಿಗೆ ಬೀಗಗಳನ್ನು ನೋಡುತ್ತ ನಡೆದು, ತಲೆಯಾಡಿಸಿ, “ಇಲ್ಲಿ ಬೇಡ. ಇವರೆಲ್ಲ ಹೆದರಿದ ಜನ” ಎನ್ನುತ್ತಿದ್ದ.

“ಮೇಸ್ತ್ರೀ, ನೀವು ಮನೆ ಕೊಳ್ಳೋಕೆ ಬಂದಿದೀರೋ, ಬಾಗಿಲುಗಳಿಗೆ ಹೆಣ್ಣು ನೋಡೋಕೆ ಬಂದಿದೀರೋ?” ಎಂದು ದಲ್ಲಾಳಿ ರೇಗಿದ. “ನನ್ನ ಚಪ್ಪಲಿ ಸವೆದದ್ದನ್ನ ಯಾರ ಲೆಕ್ಕಕ್ಕೆ ಹಾಕಲಿ?”

ಕೊನೆಗೆ ಒಂದು ದಿನ ಅವನು ಈ ಬೀದಿಗೆ ಕರೆತಂದ. ಕಿರಿದಾದ, ಗುಡಿಸಿ ಒಪ್ಪವಾಗಿದ್ದ ಬೀದಿ. ಎರಡೂ ಕಡೆ ಒಂದಕ್ಕೊಂದು ಆತುಕೊಂಡ ಮನೆಗಳು. ಮೇಸ್ತ್ರಿ ಮೊದಲ ಬಾಗಿಲ ಮುಂದೆ ನಿಂತ. ಬೀಗವಿಲ್ಲ. ಎರಡನೆಯದಕ್ಕೂ ಇಲ್ಲ. ಹತ್ತಿರ ಹೋಗಿ ಬಗ್ಗಿ ನೋಡಿದ. ಹಿಂದೆ ಚಿಲಕವಿದ್ದ ಜಾಗದಲ್ಲಿ ತಿರುಪಿನ ತೂತುಗಳಿಗೆ ಮರದಪುಡಿ ಕಲಸಿದ ಮೆತ್ತೆ ತುಂಬಿ, ಉಜ್ಜಿ, ಬಣ್ಣ ಬಳಿದಿದ್ದರು. ಬೇರೆ ಯಾರ ಕಣ್ಣಿಗೂ ಅದು ಕಾಣುತ್ತಿರಲಿಲ್ಲ. ಬೆರಳಿಂದ ಸವರಿದ. ಮುಂದಿನ ಬಾಗಿಲಿಗೂ ಹಾಗೇ, ಅದರ ಮುಂದಿನದಕ್ಕೂ ಹಾಗೇ. ಇದ್ದ ಚಿಲಕವನ್ನೂ ಬೇಡವೆಂದು ಕಿತ್ತುಹಾಕಿದ ಜನ! ಎಷ್ಟು ನೆಮ್ಮದಿ ಇದ್ದರೆ ಮನುಷ್ಯ ಆ ಕೆಲಸ ಮಾಡಿಯಾನು! ಬೀದಿಯ ನಡುವೆ ನಿಂತು ಅವನು ಕಣ್ಣೊರೆಸಿಕೊಂಡ.

ಮನೆ ಮಾರುವವನು ಮಾತು ಕಡಿಮೆಯ ಮನುಷ್ಯ. ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಎಡಗೈಯಲ್ಲೇ ಎಲ್ಲ ತೋರಿಸಿದ. ಬಲಗೈಯ ಬೆರಳುಗಳು ಬೇರೆ ಬೇರೆ ದಿಕ್ಕಿಗೆ ತಿರುಗಿದ್ದವು. ಮೇಸ್ತ್ರಿ ಅದನ್ನು ಸಂಧಿವಾತವೆಂದುಕೊಂಡ.

“ಕಳ್ಳತನ ಗಿಳ್ಳತನ?” ಎಂದು ಕೇಳಿದ.

“ಈ ಬೀದೀಲಿ ಇದುವರೆಗೂ ಒಂದು ಚಮಚ ಕಳೆದಿಲ್ಲ,” ಎಂದ ಅವನು. ಅದು ನಿಜವೇ ಆಗಿತ್ತು.

ಬೆಲೆ ಇವರ ಕೈಗೆಟುಕುವಂತಿತ್ತು. ಸೊಸೆ ಮಾತ್ರ ಮನೆಯೆಲ್ಲ ಸುತ್ತಿ ಬಂದು ಮಾವನನ್ನು ಪಕ್ಕಕ್ಕೆ ಕರೆದಳು. “ಮಾವ, ಬಚ್ಚಲ ಬಾಗಿಲಿಗೂ ಚಿಲಕ ಇಲ್ಲ.”

“ಬೀಗದವನ ಮನೇಲಿ ಚಿಲಕಕ್ಕೆ ಬರವೇನಮ್ಮ? ನಾನೇ ಹಾಕ್ತೀನಿ.”

“ಅದಲ್ಲ. ಬೀದಿ ಬಾಗಿಲಿಗೆ ಬೇಡ ಅನ್ನೋದು ಸರಿ. ಬಚ್ಚಲಿಗೆ ಯಾರು ಬೇಡ ಅಂತಾರೆ? ಇನ್ನೊಂದು ದಿನ ಬಂದು ಇಲ್ಲಿನ ಹೆಂಗಸರ ಹತ್ರ ಒಂದು ಮಾತು ಕೇಳೋಣ.”

ದಲ್ಲಾಳಿ ಬಾಗಿಲಲ್ಲೇ ಇದ್ದ. “ಕೇಳಿ ತಾಯಿ, ಧಾರಾಳವಾಗಿ ಕೇಳಿ. ಅಷ್ಟರಲ್ಲಿ ಇನ್ನೊಬ್ಬರು ಬಂದು ಕೊಂಡ್ಕೊಂಡಿರ್ತಾರೆ.”

ಮೇಸ್ತ್ರಿ ಸೊಸೆಯ ಮಾತನ್ನು ತಳ್ಳಿಹಾಕಿ ಮುಂಗಡ ಕೊಟ್ಟ. ಬಾಗಿಲನ್ನು ಓದುವುದರಲ್ಲಿ ತನ್ನನ್ನು ಮೀರಿಸಿದವರಿಲ್ಲವೆಂದು ಅವನು ನಂಬಿದ್ದ.

ಸಾಮಾನು ಇಳಿಸಿದ ದಿನ ಅವನು ಮಾಡಿದ ಮೊದಲ ಕೆಲಸ ಬೀದಿ ಬಾಗಿಲಿಗೆ ಒಂದು ಬೀಗ ಹಾಕಿದ್ದು. ಭಯಕ್ಕಲ್ಲ. ಅದು ಮಗ ತನ್ನ ಕೈಯಾರೆ ಮಾಡಿದ ಮೊದಲ ಬೀಗ, ಹಿತ್ತಾಳೆಯದು. ಮಗ ಮನೆಯ ಬಾಗಿಲಲ್ಲಿ ಇರಲಿ ಎಂಬ ಆಸೆ. ಕೊನೆಯ ತಿರುಪು ಬಿಗಿಯುವಾಗ ಎದುರು ಮನೆಯ ಇಸ್ತ್ರಿಯವಳು ಓಡೋಡಿ ಬಂದಳು. ಗಂಡ ಸತ್ತು, ಬೀದಿಯವರ ಬಟ್ಟೆ ತೀಡಿ ಬದುಕುವ ಹೆಂಗಸು. ಅವಳ ಬಲಗೈ ಬೆರಳುಗಳೂ ಸೊಟ್ಟಗಿದ್ದವು. ಎಡಗೈಯಲ್ಲೇ ಇಸ್ತ್ರಿಪೆಟ್ಟಿಗೆ ಎತ್ತಿ ಎತ್ತಿ ಆ ತೋಳು ಗಂಡಸಿನ ತೋಳಿನಂತೆ ದಪ್ಪವಾಗಿತ್ತು.

“ತಾತಾ, ತೆಗೀರಿ. ದಮ್ಮಯ್ಯ ಅಂತೀನಿ, ಅವರು ಬರೋದ್ರೊಳಗೆ ತೆಗೀರಿ.”

“ಯಾರಮ್ಮ?”

ಅವಳು ಬೀದಿಯ ತುದಿ ನೋಡಿ ಸರ್ರನೆ ಒಳಗೆ ಹೋದಳು.

ಬಂದವನು ಸಣಕಲು ಮನುಷ್ಯ. ಬಿಳಿ ಅಂಗಿ, ಮೆಲು ದನಿ, ಜೇಬು ತುಂಬ ಪೆಪ್ಪರಮಿಂಟು. ಬೀದಿಗೆಲ್ಲ ಅವನು ದೊಡ್ಡಪ್ಪ. ಅವನ ಹಿಂದೆ ಗೂಳಿ ಎಂದು ಕರೆಯಿಸಿಕೊಳ್ಳುವ ತಂಗಿಯ ಮಗ, ಇನ್ನಿಬ್ಬರು ಬಂಟರು. ದೊಡ್ಡಪ್ಪ ಮೊಮ್ಮಗಳ ಗಲ್ಲ ಸವರಿ ಪೆಪ್ಪರಮಿಂಟು ಕೊಟ್ಟ. ಹಿತ್ತಾಳೆ ಬೀಗವನ್ನು ತಟ್ಟಿ ನೋಡಿ, “ಚೆಂದದ ಕೆಲಸ” ಎಂದ.

“ನನ್ನ ಮಗ ಮಾಡಿದ್ದು.”

“ಸಂತೋಷ. ಈಗ ಒಂದು ಮಾತು ಹೇಳಿ ಮೇಸ್ತ್ರೀ. ನನ್ನ ಬೀದೀಲಿ ಕಳ್ಳ ಕಾಲಿಡಲ್ಲ. ಇಟ್ಟರೆ ಆ ಕಾಲು ವಾಪಸು ಹೋಗಲ್ಲ. ಹೀಗಿರುವಾಗ ನೀವು ಬೀಗ ಹಾಕ್ತಿರೋದು ಯಾರಿಗೆ? ಹೊರಗಿನ ಕಳ್ಳ ಇಲ್ಲ ಅಂದಮೇಲೆ ಉಳಿದವನು ನಾನೇ ತಾನೆ? ನನ್ನ ಕಳ್ಳ ಅಂತೀರಾ?”

ಮೇಸ್ತ್ರಿ ನಗಬೇಕೋ ಬೇಡವೋ ತಿಳಿಯದೆ ಅವರ ಮುಖ ನೋಡಿದ. ಯಾರೂ ನಗುತ್ತಿರಲಿಲ್ಲ. ಬಂಟನೊಬ್ಬ ಆಗಲೇ ಒಂದು ಡಬ್ಬಿಯಲ್ಲಿ ಮೆತ್ತೆ ಕಲಸಿ ತಂದಿದ್ದ. ಮೇಸ್ತ್ರಿ ತಾನೇ ಬಿಗಿದ ತಿರುಪುಗಳನ್ನು ತಾನೇ ಬಿಚ್ಚಿ, ತೂತಿಗೆ ಮೆತ್ತೆ ತುಂಬಿದ. ಉಜ್ಜಿ ಒಪ್ಪ ಮಾಡುವಾಗ ಈ ಬೀದಿಯ ಪ್ರತಿ ಬಾಗಿಲನ್ನೂ ತಾನು ತಲೆಕೆಳಗಾಗಿ ಓದಿದೆನೆಂದು ಅವನಿಗೆ ತಿಳಿಯಿತು.

“ನಮ್ಮೋರು ಆಗಾಗ ಒಳಗೆ ಬಂದು ನೋಡ್ಕೊಂಡು ಹೋಗ್ತಾರೆ,” ಎಂದ ದೊಡ್ಡಪ್ಪ. “ಮನೆಯೋರು ಅಂದ್ಕೊಳ್ಳಿ.”

ಅವರು ಮನೆಯವರಂತೆಯೇ ಬರುತ್ತಿದ್ದರು. ಬಾಗಿಲು ತಟ್ಟುವ ಪ್ರಶ್ನೆಯೇ ಇಲ್ಲ. ಗೂಳಿ ನೇರ ಅಡುಗೆಮನೆಗೆ ಹೋಗಿ ಪಾತ್ರೆಯ ಮುಚ್ಚಳ ಎತ್ತಿ ಮೂಸುತ್ತಿದ್ದ. ಸೊಸೆ ಹೊಲಿಗೆ ಯಂತ್ರದ ಮುಂದೆ ಕೂತಿದ್ದರೆ ಪಕ್ಕದ ಮಣೆಯ ಮೇಲೆ ಕೂತು, “ಅತ್ತಿಗೆ, ಎಷ್ಟು ನಾಜೂಕು ಬೆರಳು” ಎನ್ನುತ್ತಿದ್ದ. ಮೊಮ್ಮಗಳು ಸ್ನಾನಕ್ಕೆ ಹೋದರೆ ಸೊಸೆ ಬಚ್ಚಲ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂರುತ್ತಿದ್ದಳು. ಸೊಸೆ ಹೋದರೆ ಮೊಮ್ಮಗಳು ಕೂರುತ್ತಿದ್ದಳು. ಆ ಮಗು ಅದನ್ನೂ ಒಂದು ಆಟ ಮಾಡಿಕೊಂಡಿತ್ತು. “ತಾತಾ, ನಾನೇ ಈಗ ಚಿಲಕ. ನನ್ನ ತಿರುಪು ಬಿಗಿ ಮಾಡು ನೋಡೋಣ” ಎಂದು ಹೊಟ್ಟೆ ತೋರಿಸಿ ನಗುತ್ತಿತ್ತು.

ಮಾರಿಬಿಟ್ಟು ಹೋಗೋಣವೆಂದರೆ, ದೊಡ್ಡಪ್ಪ ಒಪ್ಪಿದರೆ ಮಾತ್ರ ಮನೆ ಕೈ ಬದಲಾಯಿಸುತ್ತದೆಂದು ಇಸ್ತ್ರಿಯವಳು ಹೇಳಿದಳು. ದೂರು ಕೊಡೋಣವೆಂದರೆ, ದೂರು ಬರೆದುಕೊಳ್ಳುವವರು ಅವನ ಮನೆಯಲ್ಲೇ ಊಟಕ್ಕೆ ಬರುತ್ತಾರಂತೆ. ಸೊಟ್ಟ ಬೆರಳುಗಳ ವಿಷಯವನ್ನು ಮಾತ್ರ ಅವಳು ಬಾಯಿ ಬಿಟ್ಟು ಹೇಳಲಿಲ್ಲ. ಅದನ್ನು ಮೇಸ್ತ್ರಿ ಕಣ್ಣಾರೆ ಕಂಡ.

ಮೂಲೆಯಲ್ಲಿ ಒಂದು ಸೈಕಲ್ ಅಂಗಡಿ. ಅಲ್ಲಿವರೆಗೆ ಅಪ್ಪ ಮಗ ಇಬ್ಬರೇ ಇದ್ದ ಮನೆ. ಮಗ ಹೊಸದಾಗಿ ಮದುವೆಯಾಗಿ, ಮಲಗುವ ಕೋಣೆಗೆ ಒಳಗಿನಿಂದ ಸಣ್ಣದೊಂದು ಅಗುಳಿ ಹಾಕಿಕೊಂಡಿದ್ದ. ಗೂಳಿ ಅದನ್ನು ಕಂಡ. ಒಂದು ಸಂಜೆ ಬೀದಿಯವರನ್ನೆಲ್ಲ ಹೊರಗೆ ಕರೆದರು. ಮಗನ ಬಲಗೈಯನ್ನು ಅವನದೇ ಮನೆಯ ಬಾಗಿಲ ಸಂದಿಯಲ್ಲಿ, ಕೀಲುಗಳಿರುವ ಕಡೆ, ಇರಿಸಿದರು. ಬಂಟರು ತೋಳು ಹಿಡಿದುಕೊಂಡರು.

“ಅಪ್ಪ ಆದವನು ಬುದ್ಧಿ ಹೇಳಬೇಕು,” ಎಂದ ದೊಡ್ಡಪ್ಪ. “ಬೇರೆಯವರು ಕೈ ಮಾಡಿದರೆ ಚೆನ್ನಾಗಿರಲ್ಲ. ಹಾಕಿ ಯಜಮಾನರೇ, ಬಾಗಿಲು ಹಾಕಿ.”

ಸೈಕಲ್ ಅಂಗಡಿಯ ಮುದುಕ ಅತ್ತ, ಕಾಲು ಹಿಡಿದ. “ನೀವು ಮೆತ್ತಗೆ ಹಾಕಿದರೆ ನಾವು ಮತ್ತೊಮ್ಮೆ ಹಾಕಬೇಕಾಗುತ್ತೆ. ಒಂದೇ ಸಲಕ್ಕೆ ಮುಗಿಸಿ” ಎಂದು ದೊಡ್ಡಪ್ಪ ಅನುಕಂಪದಿಂದಲೇ ಹೇಳಿದ. ಮುದುಕ ಕಣ್ಣು ಮುಚ್ಚಿ ಮೈಯ ಭಾರವನ್ನೆಲ್ಲ ಬಾಗಿಲ ಮೇಲೆ ಹಾಕಿದ. ಹಸಿ ಕಡ್ಡಿ ಮುರಿದ ಹಾಗೆ ಸದ್ದಾಯಿತು. ಆಮೇಲೆ ಆ ಹುಡುಗ ಕೂಗಿದ ಕೂಗು. ಹೆಂಡತಿ ಅಲ್ಲೇ ಕುಸಿದಳು. ಬೀದಿಯವರು ನೆಲ ನೋಡುತ್ತ ನಿಂತಿದ್ದರು. ಮೇಸ್ತ್ರಿಯೂ ನಿಂತಿದ್ದ.

ಇಸ್ತ್ರಿಯವಳ ಕೈ ಮೇಲೆ ಬಾಗಿಲು ಹಾಕಿದವನು ಅವಳ ಗಂಡ. ಅವನು ಆ ವರ್ಷವೇ ನೇಣು ಹಾಕಿಕೊಂಡ. ಮನೆ ಮಾರಿ ಹೋದವನ ಕೈ ಮೇಲೆ ಹಾಕಿದವನು ಒಡಹುಟ್ಟಿದ ಅಣ್ಣ. ಅದಕ್ಕೇ ಈ ಬೀದಿಯಲ್ಲಿ ಯಾರೂ ಯಾರ ಮುಂದೂ ಬಾಯಿ ಬಿಡುತ್ತಿರಲಿಲ್ಲ. ಪ್ರತಿ ಮನೆಯಲ್ಲೂ ಮುರಿದ ಕೈ ಒಂದು, ಮುರಿದವನ ಕೈ ಒಂದು, ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದವು.

ಮೇಸ್ತ್ರಿಗೆ ದೊಡ್ಡಪ್ಪನ ಮನೆಯಿಂದ ಕರೆ ಬಂದದ್ದು ಬೇಸಿಗೆಯ ಒಂದು ಮಧ್ಯಾಹ್ನ. ಹಿಂದಿನ ಕೋಣೆಯ ಬೀಗ ಬಿಗಿಯಾಗಿದೆ, ನೋಡಬೇಕು ಎಂದರು. ಆ ಮನೆಯೊಳಗೆ ಕಾಲಿಟ್ಟ ಮೇಸ್ತ್ರಿ ಒಂದು ಗಳಿಗೆ ಬೆರಗಾಗಿ ನಿಂತ. ಹೊರಬಾಗಿಲಿಗೆ ಬೀದಿಯ ಕಣ್ಣಿಗೆ ಚಿಲಕವಿರಲಿಲ್ಲ. ಒಳಗೆ, ದೊಡ್ಡಪ್ಪ ಮಲಗುವ ಕೋಣೆಯ ಬಾಗಿಲು ಮಾತ್ರ ಕಬ್ಬಿಣದ ತಗಡು ಹೊಡೆದದ್ದು, ಅದಕ್ಕೆ ಮೂರು ನಾಲಿಗೆಯ ಭಾರಿ ಬೀಗ. ಇಡೀ ಬೀದಿಯ ಅಷ್ಟೂ ಚಿಲಕಗಳು ಒಂದಾಗಿ ಇಲ್ಲಿ ಬಂದು ಕೂತಂತಿತ್ತು. ಮಧ್ಯಾಹ್ನ ಊಟವಾದ ಮೇಲೆ ಆ ಕೋಣೆ ಸೇರಿ ಬೀಗ ಹಾಕಿಕೊಂಡು ಮಲಗುವುದು ದೊಡ್ಡಪ್ಪನ ರೂಢಿ. ಬೇರೆ ಹೊತ್ತಿನಲ್ಲಿ ಅವನಿಗೆ ನಿದ್ದೆ ಹತ್ತುತ್ತಿರಲಿಲ್ಲ.

“ನೋಡಿ ನಗಬೇಡಿ ಮೇಸ್ತ್ರೀ,” ಎಂದ ಅವನು, ತಾನೇ ನಗುತ್ತ. “ದೊಡ್ಡೋರಿಗೆ ದೊಡ್ಡ ಕಷ್ಟ.”

ಮೇಸ್ತ್ರಿ ಬೀಗ ಬಿಚ್ಚಿ ಒಳಗಿನ ಕಸ ತೆಗೆದು, ಸವೆದ ಹಲ್ಲನ್ನು ಅರದಿಂದ ತೀಡುತ್ತಿದ್ದ. ಆಗ ಬೀದಿಯಲ್ಲಿ ಹೋರಿ ಅರಚಿದ ಹಾಗೆ ಸದ್ದಾಯಿತು. ಗೂಳಿ ಒಳಗೆ ನುಗ್ಗಿದ. ಅವನ ಮುಖದ ಒಂದು ಪಕ್ಕದ ಚರ್ಮ ಸುಲಿದು ಕೆನ್ನೆಯಿಂದ ಜೋತುಬಿದ್ದಿತ್ತು, ಕಣ್ಣು ತೆರೆಯುತ್ತಿರಲಿಲ್ಲ.

“ಆ ಹೊಲಿಗೆಯೋಳು! ಕುದಿಯೋ ನೀರು ಎರಚಿದ್ಲು ಮಾವ! ಹಂಡೆ ನೀರು!”

“ಎಲ್ಲಿದ್ದೆ ನೀನು?”

“ಬಚ್ಚಲ ಬಾಗಿಲು... ಸುಮ್ನೆ ತಳ್ಳಿ ನೋಡಿದೆ. ಆ ಹುಡುಗಿ ಒಳಗಿದ್ಲು ಅಷ್ಟೆ, ಇವಳು ಅಡ್ಡ ಕೂತಿದ್ಲು...”

ಮೇಸ್ತ್ರಿಯ ಕೈಯಿಂದ ಅರ ಜಾರಿ ನೆಲಕ್ಕೆ ಬಿತ್ತು. ದೊಡ್ಡಪ್ಪ ತಂಗಿಯ ಮಗನ ಮುಖವನ್ನು ಅತ್ತಿತ್ತ ತಿರುಗಿಸಿ ನೋಡಿದ. ಸಿಟ್ಟಾಗಲಿಲ್ಲ, ದನಿಯನ್ನೂ ಏರಿಸಲಿಲ್ಲ.

“ಬೀಗ ಎಲ್ಲಿಗೆ ಬಂತು ಮೇಸ್ತ್ರೀ?”

“ಆಯ್ತು... ಇನ್ನೇನು ಆಯ್ತು.”

“ಮುಗಿಸಿ. ನಾನು ಒಂದು ಗಳಿಗೆ ಮಲಗ್ತೀನಿ. ಎದ್ದ ಮೇಲೆ ನಿಮ್ಮ ಮನೆಗೆ ಬರ್ತೀನಿ. ನಿಮ್ಮ ಸೊಸೆ ಬಲಗೈಯಲ್ಲಿ ನೀರು ಎರಚಿದ್ಲೋ, ಎಡಗೈಯಲ್ಲೋ?”

ಮೇಸ್ತ್ರಿ ಬಗ್ಗಿ ಅರ ಎತ್ತಿಕೊಂಡ.

“ಹೋಗಲಿ, ಎರಡೂ ಇರಲಿ. ಬಾಗಿಲು ಹಾಕೋರು ನೀವೇ. ಮನೆ ಹಿರಿಯರು.” ಆಮೇಲೆ ಬಂಟರ ಕಡೆ ತಿರುಗಿ, “ಇವನನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಇಬ್ಬರೂ ಹೋಗಿ. ಬೀಗ ಸರಿಹೋಯ್ತಲ್ಲ, ನನಗೇನು ಕಾವಲು?”

ಅವರು ಹೋದರು. ಮನೆಯಲ್ಲಿ ಉಳಿದವರು ಇಬ್ಬರೇ. ಮೇಸ್ತ್ರಿ ಬೀಗವನ್ನು ಬಾಗಿಲಿಗೆ ಕೂರಿಸಿದ. ಕೀಲಿಕೈ ತಿರುಗಿಸಿ ತೋರಿಸಿದ. ಮೂರು ನಾಲಿಗೆಗಳೂ ಕಟಕ್ಕೆಂದು ಹೊರಗೆ ಬಂದು, ಕಟಕ್ಕೆಂದು ಒಳಗೆ ಹೋದವು. ದೊಡ್ಡಪ್ಪ ತಲೆದೂಗಿ, ಅಂಗಿ ಕಳಚಲು ಅತ್ತ ತಿರುಗಿದ.

ಹೊಲಿಗೆ ಯಂತ್ರದ ಕೆಳಗೆ ಬಟ್ಟೆಯನ್ನು ನಡೆಸುವ ಸೊಸೆಯ ಬೆರಳುಗಳು ಮೇಸ್ತ್ರಿಯ ಕಣ್ಣಮುಂದೆ ಇದ್ದವು. ಮಗ ಮೊದಲ ಸಲ ಆ ಹಿತ್ತಾಳೆ ಬೀಗ ಮಾಡಿದಾಗ ಅದನ್ನು ತಿಕ್ಕಿ ಹೊಳೆಯುವಂತೆ ಮಾಡಿದ್ದು ಅವೇ ಬೆರಳುಗಳು. ಇನ್ನು ಸ್ವಲ್ಪ ಹೊತ್ತಿಗೆ ಅವನ್ನು ಸಂದಿಯಲ್ಲಿಟ್ಟು ತಾನು ಬಾಗಿಲು ನೂಕಬೇಕು. ಮಗು ನೋಡುತ್ತ ನಿಂತಿರುತ್ತದೆ.

“ಒಂದು ತೊಟ್ಟು ಎಣ್ಣೆ ಬಿಡ್ತೀನಿ,” ಎಂದ ಮೇಸ್ತ್ರಿ.

ಎಣ್ಣೆಯ ಡಬ್ಬಿಯ ಮರೆಯಲ್ಲಿ ಅವನ ಬೆರಳು ಬೀಗದೊಳಗೆ ಹೋಗಿ, ಕೀಲಿಗೂ ನಾಲಿಗೆಗೂ ನಡುವೆ ಇರುವ ಸಣ್ಣ ಮೊಳೆಯೊಂದನ್ನು ಎಳೆದುಕೊಂಡಿತು. ಇನ್ನು ಕೀಲಿ ತಿರುಗುತ್ತದೆ, ಸದ್ದೂ ಬರುತ್ತದೆ. ನಾಲಿಗೆ ಮಾತ್ರ ಒಳಗೇ ಇರುತ್ತದೆ. ಚೌಕಟ್ಟಿನಲ್ಲಿ ಬಿಗಿಯಾಗಿ ಕೂರುವ ಬಾಗಿಲು ಅದು. ಒಳಗಿನಿಂದ ಸುಮ್ಮನೆ ಎಳೆದು ನೋಡಿದರೆ ಬರುವುದಿಲ್ಲ, ಹೊರಗಿನಿಂದ ತೋಳು ಕೊಟ್ಟು ತಳ್ಳಬೇಕು. ಮೇಸ್ತ್ರಿ ಚೀಲ ಎತ್ತಿಕೊಂಡು ಹೊರಗೆ ಬಂದ. ಬೆನ್ನ ಹಿಂದೆ ಬಾಗಿಲು ಮುಚ್ಚಿಕೊಂಡಿತು. ಕಟಕ್.

ಇಸ್ತ್ರಿಯವಳು ತನ್ನ ಮನೆಯ ಬಾಗಿಲಲ್ಲಿ ಇಸ್ತ್ರಿಯ ಮೇಜಿನ ಮುಂದೆ ನಿಂತಿದ್ದಳು. ಬೀದಿಗೆಲ್ಲ ಸುದ್ದಿ ತಿಳಿದಿತ್ತು. ಅವಳು ಮೇಸ್ತ್ರಿಯ ಮುಖ ನೋಡಲಾರದೆ ತಲೆ ತಗ್ಗಿಸಿದಳು.

“ಅವನ ಬಾಗಿಲಿಗೆ ಬೀಗ ಬಿದ್ದಿಲ್ಲಮ್ಮ,” ಎಂದ ಮೇಸ್ತ್ರಿ. “ಅವನೊಬ್ಬನೇ ಇದಾನೆ.”

ಅವಳ ಕೈ ಅಂಗಿಯ ಮೇಲೆ ನಿಂತೇಹೋಯಿತು. “ಆ ಭಾರಿ ಬೀಗದ ಸದ್ದು ಬೀದಿಗೇ ಕೇಳಿಸ್ತಲ್ಲ?”

“ಸದ್ದು ಅಷ್ಟೇ ಬಿದ್ದಿದೆ.”

ಅಂಗಿ ಸುಟ್ಟ ವಾಸನೆ ಬಂತು. ಇಸ್ತ್ರಿಯವಳು ಪೆಟ್ಟಿಗೆಯನ್ನು ಎತ್ತಿದಳು, ಕೆಂಡ ತುಂಬಿದ್ದ ಹಾಗೆಯೇ. ಪಕ್ಕದ ಮನೆಯ ಬಾಗಿಲು ತಳ್ಳಿ ಒಳಗೆ ಏನೋ ಹೇಳಿದಳು. ಅಲ್ಲಿಂದ ಸೈಕಲ್ ಅಂಗಡಿಗೆ. ಆ ಬೀದಿಯಲ್ಲಿ ಯಾವ ಬಾಗಿಲನ್ನೂ ತಟ್ಟಿ ಕಾಯಬೇಕಾಗಿರಲಿಲ್ಲ, ತಳ್ಳಿದರೆ ಸಾಕು. ಸದ್ದಿಲ್ಲದೆ ಜನ ಹೊರಗೆ ಬಂದರು. ಸೊಟ್ಟ ಬೆರಳಿನವರು ಬಂದರು, ಆ ಬೆರಳುಗಳ ಮೇಲೆ ಬಾಗಿಲು ಹಾಕಿದವರು ಬಂದರು. ಮೊದಲ ಸಲ ಅವರು ಒಬ್ಬರ ಮುಖ ಒಬ್ಬರು ನೇರವಾಗಿ ನೋಡಿದರು.

ಎಳೆದು ತಂದು ಕಟ್ಟಿಹಾಕಿ, ನಾಲ್ಕು ಜನರ ಮುಂದೆ ನಿಲ್ಲಿಸಿ ಊರು ಬಿಡಿಸುತ್ತಾರೆ ಎಂದು ಮೇಸ್ತ್ರಿ ತನಗೆ ತಾನೇ ಹೇಳಿಕೊಂಡ. ಹೇಳಿಕೊಳ್ಳುವಾಗಲೇ ಅದು ಸುಳ್ಳೆಂದು ಅವನಿಗೆ ಗೊತ್ತಿತ್ತು. ಅವರ ಹಿಂದೆಯೇ ಒಳಗೆ ಹೋದ.

ಬಾಗಿಲು ಒಂದೇ ನೂಕಿಗೆ ತೆರೆಯಿತು. ನಿದ್ದೆಗಣ್ಣಲ್ಲಿ ಎದ್ದ ದೊಡ್ಡಪ್ಪ ಮೊದಲು ನೋಡಿದ್ದು ಬೀಗವನ್ನು, ಜನರನ್ನಲ್ಲ. ಇಸ್ತ್ರಿಪೆಟ್ಟಿಗೆ ಅವನ ಬಾಯಿಯ ಮೇಲೆ ಬಿತ್ತು. ಹಲ್ಲು, ಕೆಂಡ, ರಕ್ತ ಒಟ್ಟಿಗೆ ಚೆಲ್ಲಿದವು. ಸೈಕಲ್ ಅಂಗಡಿಯ ಮುದುಕ ಅವನ ಎರಡೂ ಕೈ ಹಿಡಿದು ಬಾಗಿಲ ಸಂದಿಗೆ ತುರುಕಿದ. ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಬ್ಬಿಣದ ತಗಡಿನ ಬಾಗಿಲು. ಮುದುಕ ಒಮ್ಮೆ ಹಾಕಿದ. ತೆರೆದು ಮತ್ತೆ ಹಾಕಿದ. “ಮೆತ್ತಗಾಯ್ತಾ? ಮೆತ್ತಗಾಯ್ತಾ ಹೇಳು!” ಎಂದು ಅಳುತ್ತ ಮತ್ತೆ ಹಾಕಿದ.

ಆಮೇಲೆ ದೊಣ್ಣೆಗಳು, ಕಾಲುಗಳು. ಸದ್ದು ಮೇಸ್ತ್ರಿಗೆ ಗೊತ್ತಿತ್ತು. ಅಂದು ತಾನು ಅಲ್ಲಿ ಇರದೆ ಹೋದರೂ ಮನಸ್ಸಿನಲ್ಲಿ ಪ್ರತಿದಿನ ಕೇಳಿಸಿಕೊಂಡಿದ್ದ ಸದ್ದು ಅದು; ಮಗನ ಮೇಲೆ ಬಿದ್ದದ್ದೂ ಹೀಗೇ ಬಿದ್ದಿರಬೇಕು, ಹೀಗೇ ಮಂದವಾಗಿ, ಕಣಕ ನಾದಿದ ಹಾಗೆ. ಜನರ ಕಾಲುಗಳ ನಡುವಿನಿಂದ ದೊಡ್ಡಪ್ಪನ ಒಂದು ಕಣ್ಣು ಅವನನ್ನು ಹುಡುಕಿ ಹಿಡಿಯಿತು.

“ಮೇಸ್ತ್ರೀ... ಹೇಳ್ರೀ... ಸಾಕು ಅನ್ರೀ...”

ಆ ಮಾತು ಮೇಸ್ತ್ರಿಯ ನಾಲಿಗೆಯ ತುದಿಯಲ್ಲೇ ಇತ್ತು. ಎಷ್ಟೋ ಕಾಲದಿಂದ ಅವನು ಲೋಕವನ್ನೆಲ್ಲ ಕೇಳಿದ್ದು ಅದೊಂದೇ ಮಾತನ್ನು. ಬಾಯಿ ತೆರೆದ. ಸೊಸೆಯ ಬೆರಳು ನೆನಪಾಯಿತು. ಬಾಯಿ ಮುಚ್ಚಿದ. ಬೀಗದ ಮೊಳೆಯನ್ನು ಮುಷ್ಟಿಯಲ್ಲಿ ಹಿಡಿದು ನಿಂತ. ಅದು ಅಂಗೈಗೆ ಚುಚ್ಚಿಕೊಂಡು ರಕ್ತ ಬಂದದ್ದೂ ತಿಳಿಯಲಿಲ್ಲ.

“ಸಾಕು ಬಿಡ್ರೋ,” ಎಂದು ಅವನು ಅಂದದ್ದು ಎಲ್ಲರ ಕೈಯೂ ನಿಂತ ಮೇಲೆ. ಅಲ್ಲಿ ಬಿಡಲು ಏನೂ ಉಳಿದಿರಲಿಲ್ಲ.

ಪೊಲೀಸರು ಬಂದರು. ಬೀದಿಯವರೆಲ್ಲ ಮಧ್ಯಾಹ್ನದ ನಿದ್ದೆಯಲ್ಲಿದ್ದೆವು ಎಂದರು. ಅಧಿಕಾರಿಯೊಬ್ಬ ಕೀಲಿಕೈ ತಿರುಗಿಸಿ ತಿರುಗಿಸಿ ನೋಡಿ, “ಇದನ್ನ ರಿಪೇರಿ ಮಾಡಿದ್ದು ಯಾರು?” ಎಂದ.

“ನಾನೇ ಸ್ವಾಮಿ.”

“ಸರಿಯಾಗಿಲ್ಲವಲ್ಲಯ್ಯ.”

“ಇಲ್ಲ ಸ್ವಾಮಿ. ಕಣ್ಣು ಮಂಜಾಗಿದೆ.”

ಅಧಿಕಾರಿ ಅವನನ್ನು ಬಹಳ ಹೊತ್ತು ನೋಡಿದ. ಸತ್ತವನಿಂದ ಇನ್ನು ಊಟ ಸಿಗುವಂತಿರಲಿಲ್ಲ. ಸುತ್ತ ನಿಂತವರ ಕೈಬೆರಳುಗಳನ್ನೂ ಒಮ್ಮೆ ನೋಡಿ, ಟೋಪಿ ಹಾಕಿಕೊಂಡು ಹೋದ. ಗೂಳಿ ಆಸ್ಪತ್ರೆಯಿಂದಲೇ ಎಲ್ಲಿಗೋ ಹೋದನಂತೆ. ಬಂಟರೂ ಆ ಕಡೆ ತಲೆ ಹಾಕಲಿಲ್ಲ.

ಮೇಸ್ತ್ರಿ ಮೊದಲು ಬಚ್ಚಲ ಬಾಗಿಲಿಗೆ ಚಿಲಕ ಹಾಕಿದ. ಮೊಮ್ಮಗಳು ಒಳಗೆ ಹೋಗಿ ಹಾಕಿ ತೆಗೆದು, ಹಾಕಿ ತೆಗೆದು, “ತಾತಾ, ನನಗೆ ಕೆಲಸ ಹೋಯ್ತು” ಎಂದು ಕೂಗಿ, ದೊಡ್ಡ ದನಿಯಲ್ಲಿ ಹಾಡುತ್ತ ನೀರು ಹುಯ್ದುಕೊಂಡಳು. ಸೊಸೆ ಯಂತ್ರದ ಮುಂದೆ ಕೂತಲ್ಲೇ ಮುಖ ಮುಚ್ಚಿಕೊಂಡು ಅತ್ತಳು. ಆಮೇಲೆ ಬೀದಿ ಬಾಗಿಲ ತೂತುಗಳಿಂದ ಮೆತ್ತೆ ಕೆರೆದು ತೆಗೆದು, ಮಗನ ಹಿತ್ತಾಳೆ ಬೀಗವನ್ನು ಮತ್ತೆ ಬಿಗಿದರು. ಮಾವ ಹಿಡಿದುಕೊಂಡ, ಸೊಸೆ ತಿರುಪು ತಿರುಗಿಸಿದಳು.

ಮರುದಿನದಿಂದ ಜನ ಸಾಲುಗಟ್ಟಿದರು. ಇಸ್ತ್ರಿಯವಳು ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಹಳೆಯ ಚಿಲಕ ತಂದಳು. ಸೈಕಲ್ ಅಂಗಡಿಯವರಿಗೆ ಎರಡು ಬೇಕಾಯಿತು. ಅವರೇ ಕಿಟಕಿಗೂ ಸರಳು ಹಾಕಿಸಿ ಎಂದರು. “ಆ ಗೂಳಿ ವಾಪಸು ಬಂದರೆ?” ಎಂದರು. “ಹೊಸಬರು ಯಾರಾದರೂ ಬಂದರೆ?” ಎಂದರು. ಮೇಸ್ತ್ರಿ ಯಾರಿಗೂ ಇಲ್ಲವೆನ್ನಲಿಲ್ಲ. ಬೆಳಿಗ್ಗೆ ಹತ್ಯಾರುಗಳನ್ನು ಮುಂದಿಟ್ಟುಕೊಂಡು ಕಣ್ಣು ಮುಚ್ಚಿದರೆ, “ತಂದೇ, ನನ್ನ ಕೈಯಿಂದ” ಎನ್ನುವವರೆಗೆ ಬರುತ್ತಿತ್ತು. ಅಲ್ಲಿಂದ ಮುಂದಿನ ಮಾತು ಬರುತ್ತಿರಲಿಲ್ಲ. ಅಷ್ಟಕ್ಕೇ ಎದ್ದು ಕೆಲಸಕ್ಕೆ ಹೋಗುತ್ತಿದ್ದ.

ಕೊನೆಯ ಬಾಗಿಲ ಕೆಲಸವೂ ಮುಗಿದ ಮೇಲೆ, ಒಂದು ಬೆಳಗ್ಗೆ, ಬೀದಿಗೆ ಒಬ್ಬ ಅಪರಿಚಿತ ಬಂದ. ಹರೆಯದವನು. ಹೆಗಲಲ್ಲಿ ಚೀಲ. ಪಿನ್ನು, ಬಾಚಣಿಗೆ ಮಾರುವವನೋ, ಯಾರದೋ ಮನೆ ಹುಡುಕುವವನೋ. ಬಾಗಿಲ ಮೇಲಿನ ಅಂಕಿಗಳನ್ನು ನೋಡುತ್ತ, ಒಂದೊಂದರ ಮುಂದೆ ನಿಂತು ನಿಂತು ಬರುತ್ತಿದ್ದ. ಮೇಸ್ತ್ರಿ ಒಳಗೆ ಕೂತು ಕೇಳಿಸಿಕೊಂಡ. ಕಟಕ್. ಎದುರು ಮನೆ. ಕಟಕ್. ಅದರ ಪಕ್ಕದ್ದು. ತಾನೇ ಹಾಕಿಕೊಟ್ಟ ಚಿಲಕಗಳು, ಪ್ರತಿಯೊಂದರ ದನಿಯೂ ಅವನಿಗೆ ಗೊತ್ತು. ಒಂದರ ಹಿಂದೆ ಒಂದು, ಅಂದಿನ ಹಾಗೆಯೇ. ಸೈಕಲ್ ಅಂಗಡಿಯ ಕಿಟಕಿಯ ಸರಳಿನ ಹಿಂದಿನಿಂದ ಯಾರೋ, “ಯಾರವನು? ಚೀಲದಲ್ಲಿ ಏನು?” ಎಂದು ಕೂಗಿದರು.

ಮೇಸ್ತ್ರಿ ಎದ್ದ.

“ಎಲ್ಲಿಗೆ ಮಾವ?” ಎಂದಳು ಸೊಸೆ.

“ಬಂದೆ. ಬಾಗಿಲು ತೆಗೆದಿರಲಿ.”

ಬೀಗ ತೆಗೆದು ಬೀದಿಗೆ ಇಳಿದ. ಯುವಕ ಅವನನ್ನು ನೋಡಿ ಹೆದರಿ ಎರಡು ಹೆಜ್ಜೆ ಹಿಂದೆ ಸರಿದ.

“ಯಾರ ಮನೆ ಬೇಕಪ್ಪ?” ಎಂದ ಮೇಸ್ತ್ರಿ, ಅಕ್ಕಪಕ್ಕದ ಕಿಟಕಿಗಳಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ. “ಬಾ, ನಾನು ತೋರಿಸ್ತೀನಿ. ನನ್ನ ಜೊತೆ ನಡಿ.”

ಅವನ ತೋಳು ಹಿಡಿದುಕೊಂಡು ಬೀದಿಯ ನಡುವೆ ನಡೆದ. ಮುಚ್ಚಿದ ಬಾಗಿಲುಗಳು ಎರಡೂ ಕಡೆ ಅವರನ್ನು ನೋಡುತ್ತಿದ್ದವು. ಹಿಂದೆ ತಿರುಗಿ ನೋಡಿದಾಗ ತೆರೆದಿದ್ದದ್ದು ಒಂದೇ ಬಾಗಿಲು. ಸೊಸೆ ಅದನ್ನು ಹಿಡಿದು ನಿಂತಿದ್ದಳು. ಅವಳ ಎಡಗೈ ಬಾಗಿಲ ಅಂಚಿನ ಮೇಲಿತ್ತು. ಬಲಗೈಯ ಬೆರಳುಗಳು ಚೌಕಟ್ಟಿನ ಸಂದಿಯ ಮೇಲೆ, ಮರೆತ ಹಾಗೆ, ನೆಟ್ಟಗೆ ಒರಗಿದ್ದವು.